ಬೇವಿನಗುಂದಿ ಪಾರ್ಕಿನ ಮಾಳಿಂಗ

ಬಲು ಹಿಂದೆ, ಊರಿಗೊಂದು ಮಣ್ಣಿನ ಕೋಟೆ, ಕೋಟೆಗೊಂದು ಅಗಸೆಬಾಗಿಲು ಇದ್ದ ಕಾಲದಲ್ಲಿ, ಬೇವಿನಗುಂದಿ ಎಂಬ ಊರಿನಲ್ಲಿ ಚೌಡವ್ವ ಎಂಬ ತಾಯಿ ಇದ್ದಳು. ಅವಳಿಗೆ ಒಬ್ಬನೇ ಮಗ, ಮಾಳಿಂಗ. ಮೀಸೆ ಚಿಗುರುವ ವಯಸ್ಸಿಗೇ ಪಾಳೆಯಗಾರರ ಕಡೆಯವರು ಅವನನ್ನು ಸಿಪಾಯಿ ಮಾಡಿ, ಕೈಗೊಂದು ಭರ್ಜಿ ಕೊಟ್ಟು, ಅಗಸೆ ಕಾಯಲು ನಿಲ್ಲಿಸಿದ್ದರು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅವನು ಕೊಂಬು ಊದಿದರೆ ಮೂರು ಊರಾಚೆಯ ದನಗಳೂ ಕಿವಿ ನಿಮಿರಿಸುತ್ತಿದ್ದವಂತೆ. ಊದಿದ ಮೇಲೂ, ಹೊಲದಿಂದ ಕೊನೆಯವರು ಒಳಗೆ ಬರುವ ತನಕ ಅವನು ಬಾಗಿಲು ಹಾಕುತ್ತಿರಲಿಲ್ಲವಂತೆ. ಕೊನೆಯವಳು ಯಾವಾಗಲೂ ಎಮ್ಮೆ ಮೇಯಿಸುವ ಸಕ್ರಜ್ಜಿ.

"ಅಜ್ಜಿ, ನಿನಗಿಂತ ನಿನ್ನ ಎಮ್ಮೆ ಚುರುಕು ಐತಿ" ಎಂದು ಅವನು ಛೇಡಿಸುವನು.

"ಅದಕ್ಕೆ ನಾಲ್ಕು ಕಾಲು ಅದಾವಪ್ಪ" ಎಂದು ಅವಳು ಗೊಣಗುವಳು.

ಒಂದು ಸಂಜೆ ಕೊಳ್ಳೆಗಾರರ ಕುದುರೆಗಳು ಧೂಳೆಬ್ಬಿಸಿಕೊಂಡು ಬಂದವು. ಊರಿನವರೆಲ್ಲ ಓಡಿ, ನಟ್ಟನಡುವಿನ ಗುಡಿಯಲ್ಲಿ ಸೇರಿ ಕದ ಹಾಕಿಕೊಂಡರು. ಅಗಸೆಯ ಕಡೆಯಿಂದ ದಡದಡ ಸದ್ದು ಬರುತ್ತಲೇ ಇತ್ತು. ಬಾಗಿಲು ಮಾತ್ರ ತೆರೆಯಲಿಲ್ಲ. ಬೆಳಗಿನ ಹೊತ್ತಿಗೆ ಪಾಳೆಯಗಾರರ ದುರ್ಗದಿಂದ ಸವಾರರು ಬಂದು ಕೊಳ್ಳೆಗಾರರನ್ನು ಅಟ್ಟಿದರು, ತಾವೇ ಬಾಗಿಲು ನೂಕಿ ಒಳಗೆ ಬಂದರು. ಮಾಳಿಂಗ ಬಾಗಿಲ ಹೊರಗೆ ಬಿದ್ದಿದ್ದ. ಅವನ ಭರ್ಜಿ ಅತ್ತ ಬಿದ್ದಿತ್ತು. ಬಾಣ ಏಳು ಎನ್ನುವವರಿದ್ದಾರೆ, ಒಂದು ಬತ್ತಳಿಕೆ ತುಂಬ ಎನ್ನುವವರಿದ್ದಾರೆ. ಎಲ್ಲವೂ ಬೆನ್ನಿಗೇ ನೆಟ್ಟಿದ್ದವು ಎಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ಆ ಕಾಲದಲ್ಲಿ ಒಂದು ಕಟ್ಟಳೆ ಇತ್ತು. ಎದೆಗೆ ಗಾಯವಾಗಿ ಸತ್ತ ಸಿಪಾಯಿಗೆ ವೀರಗಲ್ಲು ನಿಲ್ಲಿಸುವರು. ಬೆನ್ನಿಗೆ ಗಾಯವಾದವನಿಗೆ ಕಲ್ಲೂ ಇಲ್ಲ, ಹೆಸರೂ ಇಲ್ಲ. ಅವನನ್ನು ಊರಾಚೆ ಮಣ್ಣು ಮಾಡಿ, ತಿರುಗಿ ನೋಡದೆ ಬರುವರು.

ಹಿರಿಯರು ಗೌಡರ ಮನೆಯ ಮುಂದೆ ಕೂಡಿದರು. ಗೌಡರ ಮಗಳ ಮದುವೆ ಮುಗಿದು ಎರಡು ದಿನವಾಗಿತ್ತು, ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಹುಡುಗ ಹೆದರಿ ಭರ್ಜಿ ಎಸೆದ, ಒಳಗೆ ಬಿಡಿ ಎಂದು ಬಾಗಿಲು ಬಡಿದ, ಆ ಸದ್ದು ನಾವೇ ಕೇಳಿದ್ದೇವೆ ಎಂದರು. ಸಕ್ರಜ್ಜಿಯನ್ನು ಕೇಳಿದರೆ, ಅವನು ನನ್ನನ್ನು ಒಳಕ್ಕೆ ನೂಕಿದ, ಮೊಣಕಾಲು ತರಚಿತು ಎಂದಷ್ಟೇ ಹೇಳಿದಳು.

ಚೌಡವ್ವ ಅಳಲಿಲ್ಲವಂತೆ. ಮಗ ಹೋದ ಸಂಕಟಕ್ಕಿಂತ ಅವನ ಹೆಸರು ಮಣ್ಣಾಗುವ ಸಂಕಟ ಅವಳನ್ನು ನಿಲ್ಲಿಸಿತ್ತು. ಮಾತಾಡುವವರ ಮುಖ ನೋಡಲಾರದೆ ಅವಳು ಚಪ್ಪರದ ಕಡೆ ಕಣ್ಣು ಹೊರಳಿಸಿದಳು. ಗೌಡರು ಒರಗಿ ಕುಳಿತಿದ್ದ ಕಂಬದ ಮೇಲೆ ಕಣ್ಣು ನಿಂತಿತು. ಉಳಿದ ಕಂಬಗಳು ಬಿದಿರು. ಅದೊಂದು ಮಾತ್ರ ಕರಿಜಾಲಿಯ ದಪ್ಪ ಮರ, ಎರಡೂ ತುದಿ ಸವೆದು ನುಣುಪಾಗಿತ್ತು.

"ಗೌಡ್ರೇ, ನೀವು ಒರಗಿದ ಕಂಬ ಯಾವುದು?"

ಗೌಡರು ತಿರುಗಿ ನೋಡಿದರು. ಅದು ಅಗಸೆಬಾಗಿಲಿಗೆ ಒಳಗಿನಿಂದ ಅಡ್ಡ ಹಾಕುವ ಅಗುಳಿ. ಚಪ್ಪರಕ್ಕೆ ಒಂದು ಕಂಬ ಸಾಲದೆ ಬಂದಾಗ ತಂದು ನೆಟ್ಟಿದ್ದರು. ತಂದವರು ಒಬ್ಬರಲ್ಲ, ಹೊತ್ತು ತರಲು ಊರೇ ಕೈ ಹಾಕಿತ್ತು. ವಾಪಸು ಇಡುವುದು ಯಾರಿಗೂ ನೆನಪಾಗಲಿಲ್ಲ.

"ಹಂಗಾದ್ರೆ ರಾತ್ರಿಯೆಲ್ಲ ಬಾಗಿಲು ಹಿಡಿದಿದ್ದು ಏನು?" ಎಂದಳು ಚೌಡವ್ವ.

ಅಗಸೆಯ ಕಡೆಗೆ ಅವಳು ಮುಂದೆ ನಡೆದಳು, ಊರು ಹಿಂದೆ ನಡೆಯಿತು. ಬಾಗಿಲ ಹೊರಮೈಗೆ ಎರಡು ದೊಡ್ಡ ಕಬ್ಬಿಣದ ಬಳೆಗಳಿದ್ದವು. ಭರ್ಜಿಯ ಮರದ ಕಾವಿನ ಮೇಲೆ ಆ ಬಳೆಗಳ ತುಕ್ಕು ಹತ್ತಿತ್ತು. ಮಾಳಿಂಗನ ಅಂಗೈಯಲ್ಲೂ ಅದೇ ತುಕ್ಕು. ಆಗ ಎಲ್ಲರಿಗೂ ಕಂಡಿತು. ಅಗುಳಿಯಿಲ್ಲವೆಂದು ತಿಳಿದ ಹುಡುಗ ಅಜ್ಜಿಯನ್ನು ಒಳಗೆ ನೂಕಿ, ತಾನು ಹೊರಗುಳಿದು, ಕದಗಳನ್ನು ಎಳೆದುಕೊಂಡು, ಬಳೆಗಳೊಳಗೆ ಭರ್ಜಿ ತೂರಿಸಿ ಕಲ್ಲಿನ ಚೌಕಟ್ಟಿಗೆ ಅಡ್ಡ ಕೊಟ್ಟಿದ್ದ. ಬಾಗಿಲನ್ನು ದಡದಡ ಗುದ್ದುತ್ತಿದ್ದ ಕೊಳ್ಳೆಗಾರರು ಅದನ್ನು ಎಳೆಯದಂತೆ ಎರಡೂ ತೋಳಿನಿಂದ ತಬ್ಬಿದ್ದ. ಜೀವ ಹೋದ ಮೇಲೂ ಆ ತೋಳು ಬಿಡಲಿಲ್ಲವಂತೆ. ಅವನನ್ನು ಬಿಡಿಸಲು ನಾಲ್ಕು ಜನ ಬೇಕಾಯಿತೆಂದು, ಆಗಲೇ ಹೊರಟುಹೋಗಿದ್ದ ಸವಾರರು ಆಮೇಲೆ ಹೇಳಿದರಂತೆ.

ಗೌಡರು ತಲೆಯ ರುಮಾಲು ತೆಗೆದು ನೆಲಕ್ಕಿಟ್ಟರು.

ಕಲ್ಲುಕುಟಿಗ ವೀರಾಚಾರಿ ಎಲ್ಲ ವೀರರಂತೆ ಎದೆಯೊಡ್ಡಿ ಆಯುಧ ಎತ್ತಿದವನನ್ನು ವೀರಗಲ್ಲಿನಲ್ಲಿ ಕೆತ್ತುತ್ತೇನೆಂದ. ಚೌಡವ್ವ ಬೇಡವೆಂದಳು. ಅವನು ನಿಂತಂತೆಯೇ ಕೆತ್ತು, ಬಾಗಿಲ ಕಡೆ ಮುಖ ಮಾಡಿಸಿ, ಬಾಣಗಳ ಸಮೇತ ಎಂದಳು. ಹಾಗಾದರೆ ಮುಖವೇ ಕಾಣುವುದಿಲ್ಲವಲ್ಲ ತಾಯಿ ಎಂದು ಅವನು ಕೇಳಿದ.

"ಮುಖ ನನಗೆ ಗೊತ್ತೈತಿ. ನೀವು ಬೆನ್ನು ನೋಡಿ."

ಕೋಟೆ ಕರಗಿತು, ಅಗಸೆ ಬಿತ್ತು. ಈಗ ಅಲ್ಲಿ ಊರಿನ ಪಾರ್ಕು, ಹುಲ್ಲುಹಾಸು, ಮಕ್ಕಳ ಜೋಕಾಲಿ. ನಡುವೆ ಆ ಕಲ್ಲಿದೆ, ಅದರ ಬುಡದಲ್ಲಿ ಕರಿಜಾಲಿಯ ಅಗುಳಿ ಮಲಗಿದೆ. ಸಂಜೆ ಪಾರ್ಕಿನ ಗೇಟು ಹಾಕುವವನು ಕಡೆಯ ಮುದುಕಿ ಎದ್ದು ಹೋಗುವ ತನಕ ಬೀಗಕ್ಕೆ ಕೈ ಹಾಕುವುದಿಲ್ಲ. ಯಾರ ಮನೆಯಲ್ಲಿ ಮದುವೆಯಾಗಲಿ, ಚಪ್ಪರದ ಮೊದಲ ಕಂಬ ನೆಡುವ ಮುಂಚೆ ಮನೆಯ ಹಿರಿಯ ಹೆಂಗಸು ಅಲ್ಲಿಗೆ ಹೋಗುತ್ತಾಳೆ. ಆ ಕಲ್ಲಿನ ಬೆನ್ನಿಗೆ, ಒಂದೊಂದು ಬಾಣದ ಬುಡಕ್ಕೂ ಅರಿಶಿನ ಹಚ್ಚುತ್ತಾಳೆ. ಅಗುಳಿಯನ್ನು ಮುಟ್ಟಿ ನೋಡಿ, ಕಲ್ಲಿನ ಕಿವಿಯ ಹತ್ತಿರ ಬಾಗಿ ಹೇಳುತ್ತಾಳೆ:

"ನಿನ್ನ ಅಗುಳಿ ಇಲ್ಲೇ ಐತಿ, ಮಾಳಿಂಗಾ. ನಾವು ಒಯ್ದಿಲ್ಲ."