ಶವರ್ ಮತ್ತು ತಗಡಿನ ಡಬ್ಬ

ಶೀನ ಖಾರ್ವಿ ತನ್ನ ಹಳೆಯ ದೋಣಿಯನ್ನು ತಾನೇ ರಿಪೇರಿ ಮಾಡಿ, ಒಂದು ಮೂಲೆಗೆ ಮರೆ ಕಟ್ಟಿ, ದಡದ ನಲ್ಲಿಯಿಂದ ಪೈಪ್ ಎಳೆದು, ಮಿಂಚುವ ಶವರ್ ಕೂರಿಸಿದ. ದೋಣಿಗೆ ತೂತು ಕೊರೆಯಲು ಮನಸ್ಸು ಬಾರದೆ, ಮಿಂದ ನೀರು ಹೊರಹೋಗಲು ದಾರಿಯನ್ನೇ ಇಡಲಿಲ್ಲ. ನೀರು ಹಲಗೆಗಳ ಸಂದಿಯಲ್ಲಿ ಇಳಿದು ದೋಣಿಯ ತಳದಲ್ಲಿ ನಿಂತಿತು. ಅದನ್ನು ಮೊಗೆದು ಹೊಳೆಗೆ ಚೆಲ್ಲುವ ಕೆಲಸ ತಗಡಿನ ಡಬ್ಬದ ತಲೆಗೆ ಬಂತು.

ಮೊಗೆದು ಮೊಗೆದೇ ಅಂಚು ಸವೆದಿದ್ದ ಡಬ್ಬಕ್ಕೆ ಮೈಯೆಲ್ಲ ಉರಿಯಿತು. "ಏನಮ್ಮ ಶವರಮ್ಮ, ದೋಣಿಯಲ್ಲಿ ನೀರು ನಿಲ್ಲಬಾರದೆಂದು ನಾನು ಆಯುಷ್ಯವೆಲ್ಲ ಸವೆಸಿದೆ. ನೀನು ಮೇಲೆ ಕೂತು ಒಳಗೇ ಸುರಿಯುತ್ತೀಯಲ್ಲ?"

"ಸುರಿಯುವುದು ನನ್ನ ಕೆಲಸ. ಬಿದ್ದ ನೀರು ಎಲ್ಲಿ ಹೋಯಿತೆಂದು ನಾನು ಬಗ್ಗಿ ನೋಡುವವಳಲ್ಲ. ಶೀನ ನನ್ನ ಕೆಳಗೆ ನಿಂತರೆ ಹಾಡುತ್ತಾನೆ. ನಿನ್ನನ್ನು ಹಿಡಿದಾಗ ಎಂದಾದರೂ ಹಾಡಿದ್ದಾನಾ?"

"ಇಲ್ಲ, ಬೈದಿದ್ದಾನೆ. ಆದರೆ ಒಂದು ದಿನವೂ ಮುಳುಗಲಿಲ್ಲ."

ಭಾನುವಾರ ನೆಂಟರು ಶವರ್ ನೋಡಲು ಬಂದರು. ತುಕ್ಕು ಹಿಡಿದ ಡಬ್ಬ ಅವರ ಕಣ್ಣಿಗೆ ಬಿದ್ದರೆ ಮರ್ಯಾದೆ ಹೋಗುತ್ತದೆಂದು ಶೀನ ಅದನ್ನು ದಡಕ್ಕೆ ಒದ್ದ. ಶವರ್ ಕಿಸಕ್ಕನೆ ನಕ್ಕಿತು. ನೆಂಟರು ಒಬ್ಬರಾದ ಮೇಲೊಬ್ಬರು ಮಿಂದರು, ಹೊಗಳಿದರು, ಉಂಡು ಹೋದರು. ಶೀನ ದಡದ ತೆಂಗಿನ ನೆರಳಲ್ಲಿ ಗೊರಕೆ ಹೊಡೆದ. ತಳ ತುಂಬಿದ ದೋಣಿ ವಾಲಿತು. ಹೊಳೆ ಅಂಚು ದಾಟಿ ಒಳಗೆ ಬಂದು ಶವರಿನ ಕತ್ತಿನವರೆಗೆ ಏರಿತು.

"ಡಬ್ಬಣ್ಣ, ಬೇಗ ಬಾ," ಎಂದು ಶವರ್ ಅಂಗಲಾಚಿತು.

ಡಬ್ಬ ದಡದಲ್ಲಿ ಬಿದ್ದಲ್ಲಿಂದಲೇ ಹೇಳಿತು: "ನನಗೆ ಕಾಲಿಲ್ಲ ತಂಗಿ. ನನ್ನನ್ನು ಒದ್ದ ಕಾಲನ್ನೇ ಕರೆ."