ಅಜ್ಜಿ ಹೂಂ ಅಂದದ್ದು

ಮಾಘ ಶುದ್ಧ ಸಪ್ತಮಿ, ಬುಧವಾರ. ಬೆಳಿಗ್ಗೆ ಮಂಜು ಇತ್ತು; ಹೊತ್ತೇರಿದ ಮೇಲೆ ಬಿಸಿಲು ಬಂತು.

ಮಠದ ಜಗಲಿಯಲ್ಲಿ ಶಿಷ್ಯ ನಿಜಗುಣ ಗುರುಗಳನ್ನು ಕೇಳಿದ: "ಗುರುಗಳೇ, ನಾಳೆ ಸಭೆಯಲ್ಲಿ ನಾನು ಮಾತಾಡಬೇಕು. ಪಾಠಶಾಲೆಯ ಮಾಡು ಸೋರುತ್ತಿದೆ, ನೆರವು ಕೊಡಿ ಎಂದು ಜನರನ್ನು ಕೇಳಬೇಕು. ಮಾತೆಲ್ಲ ಬಾಯಿಪಾಠವಾಗಿದೆ. ಆದರೆ ಎದ್ದು ನಿಂತಾಗ ಕಣ್ಣು ಎಲ್ಲಿಡಲಿ, ಕೈ ಎಲ್ಲಿಡಲಿ?"

"ಈಗ ಎಲ್ಲಿಟ್ಟಿದ್ದೀಯ?" ಎಂದರು ಗುರುಗಳು.

ನಿಜಗುಣನ ಕಣ್ಣು ನೆಲದ ಮೇಲಿತ್ತು. ಕೈಗಳು ಬೆನ್ನ ಹಿಂದಿದ್ದವು. ಗುರುಗಳು ನಕ್ಕು, ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಿನ ಪಕ್ಕದಲ್ಲಿ ಹಳ್ಳ ಹರಿಯುತ್ತಿತ್ತು. ಹಳ್ಳದ ಆಚೆ ಕೆಲವು ಮನೆಗಳು. ಅಲ್ಲಿ ಒಬ್ಬ ರೈತನಿದ್ದ. ಹಿಂದಿನ ಮಳೆಗಾಲದಲ್ಲಿ ಅವನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟುವಾಗ ಕಾಲು ಜಾರಿತು. ಮಗು ನೀರಿಗೆ ಬಿತ್ತು. ಜುಟ್ಟು ಕೈಗೆ ಸಿಕ್ಕಿದ್ದರಿಂದ ಉಳಿಯಿತು.

ಮತ್ತೆ ಮಳೆಗಾಲ ಹತ್ತಿರವಾಯಿತು. ಒಂದು ದಿನದ ಗಾಳಿಗೆ ಊರಿನ ಉದ್ದನೆಯ ಮತ್ತಿಮರ ಉರುಳಿತು. ಅದನ್ನು ಕೊಯ್ಯಿಸಿ ಚಾವಡಿಗೆ ಬಾಗಿಲು ಮಾಡಿಸುವುದೆಂದು ಊರಿನವರು ಗೊತ್ತು ಮಾಡಿದರು. ಮರವನ್ನು ಇಡಿಯಾಗಿ ಹಳ್ಳಕ್ಕೆ ಅಡ್ಡ ಹಾಕಿದರೆ ಮಕ್ಕಳು ದಾಟಬಹುದು ಎಂಬುದು ರೈತನ ಆಸೆ. ಕೊಯ್ಯುವವರು ಮರುದಿನವೇ ಬರುವವರಿದ್ದರು. ಒಮ್ಮೆ ಹಲಗೆಯಾದ ಮೇಲೆ ಮರ ಕೇಳಿ ಪ್ರಯೋಜನವಿಲ್ಲ. ರೈತ ಅಂದೇ ಸಂಜೆ ಊರ ಕಟ್ಟೆಗೆ ಬಂದ.

ಅವನೂ ನಿನ್ನಂತೆ ಮಾತು ಬಾಯಿಪಾಠ ಮಾಡಿಕೊಂಡಿದ್ದ. ಕೈ ಹಿಂದೆ ಕಟ್ಟಿ, ಕಟ್ಟೆಯ ಅರಳಿಮರದ ತುದಿ ನೋಡುತ್ತ ಒಪ್ಪಿಸಿದ. ತಪ್ಪೇನೂ ಇರಲಿಲ್ಲ. ಆದರೆ ನಮ್ಮ ಕಡೆ ಕತೆ ಹೇಳುವಾಗ ಕೇಳುವವರು ಹೂಂ ಅನ್ನಬೇಕಲ್ಲ? ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ಅಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. ಅದು ಅವನಿಗೆ ತಿಳಿಯಲೂ ಇಲ್ಲ.

ಕೊನೆಗೆ ಒಬ್ಬ ವ್ಯಾಪಾರಿ ಕೂಗಿದ: "ಅಲ್ಲಪ್ಪಾ, ಮರದ ಮೇಲೆ ಯಾರನ್ನ ಕೂರಿಸಿ ಬಂದಿದ್ದೀ? ಇಳಿಯೋಕೆ ಹೇಳು, ಅವರೂ ಇಲ್ಲೇ ಕೂತು ಕೇಳಲಿ."

ಜನ ನಕ್ಕರು. ರೈತನಿಗೆ ಮಾತು ಮರೆತುಹೋಯಿತು. ಕಣ್ಣು ಕೆಳಗಿಳಿಯಿತು.

ಎದುರಿಗೇ ಒಬ್ಬ ಅಜ್ಜಿ ಕುಳಿತಿದ್ದಳು. ಅವಳ ಕಿವಿ ಪೂರ್ತಿ ಹೋಗಿತ್ತು. ನಾಲ್ಕು ಜನರ ನಡುವೆ ಕೂರುವ ಆಸೆಗೆ ಕಟ್ಟೆಗೆ ಬರುತ್ತಿದ್ದಳು. ಎಲ್ಲರೂ ನಗುತ್ತಿದ್ದಾಗ ಅವಳೊಬ್ಬಳು ನಗದೆ, ಕತ್ತು ಮುಂದೆ ಚಾಚಿ, ರೈತನ ಮುಖವನ್ನೇ ನೋಡುತ್ತಿದ್ದಳು.

ರೈತ ಅವಳಿಗೆ ಹೇಳತೊಡಗಿದ. ಹಿಂದೆ ಕಟ್ಟಿದ್ದ ಕೈಗಳು ತಾವಾಗಿ ಮುಂದೆ ಬಂದವು. ನೀರು ಮೊಣಕಾಲಿಗೆ ಬಂದದ್ದು, ಸೊಂಟಕ್ಕೆ ಬಂದದ್ದು, ಎದೆಗೆ ಬಂದದ್ದು ತೋರಿಸಿದ. ಹೆಗಲ ಮೇಲೆ ಮಗುವಿನ ಕಾಲುಗಳನ್ನು ಒತ್ತಿ ಹಿಡಿದಿದ್ದನ್ನು ತೋರಿಸಿದ. ಒಂದೊಂದಕ್ಕೂ ನಿಂತು, ಅಜ್ಜಿಗೆ ತಿಳಿಯಿತೇ ಎಂದು ನೋಡಿದ. ಅವನು ಯಾರನ್ನು ನೋಡುತ್ತಿದ್ದಾನೆ ಎಂದು ಜನ ಅತ್ತ ತಿರುಗಿದರು. ನಗು ನಿಂತಿತು. ಕಾಲು ಜಾರಿದ್ದನ್ನು ತೋರಿಸಿದ. ಹಿಡಿದಿದ್ದ ಕೈ ಬಿಚ್ಚಿಕೊಂಡಿತು. ಬರಿದಾದ ಆ ಕೈಯನ್ನೇ ನೋಡುತ್ತ, ಮುಂದೆ ಹೇಳಲಾರದೆ ನಿಂತ.

"ಹೂಂ" ಅಂದಳು ಅಜ್ಜಿ. ತಮ್ಮ ದನಿ ತಮಗೆ ಕೇಳದವರು ಅನ್ನುವಂತೆ, ಗಟ್ಟಿಯಾಗಿ ಅಂದಳು.

ಊರ ಗೌಡ ಎದ್ದು ನಿಂತ. "ಕಿವಿಯಿಲ್ಲದ ಅಜ್ಜಿಗೇ ಕೇಳಿಸಿತು. ನಮಗೆ ಕೇಳಿಸಲಿಲ್ಲ ಅಂತ ಯಾವ ಬಾಯಲ್ಲಿ ಹೇಳೋದು? ಅವಳು ಹೂಂ ಅಂದಳು. ಮರ ತಗೊಂಡು ಹೋಗಪ್ಪಾ."

"ಗೌಡರೇ, ಮರಕ್ಕೆ ನಾನೇನು ಕೊಡಲಿ?"

"ಹೂಂ ಅಂದವಳನ್ನೇ ಕೇಳು."

ಮಳೆ ಹಿಡಿಯುವ ಮೊದಲೇ ಮರ ಹಳ್ಳಕ್ಕೆ ಅಡ್ಡ ಬಿತ್ತು. ಅದರ ಮೇಲೆ ಕಾಲಿಟ್ಟಾಗಲೆಲ್ಲ ರೈತ ಅಜ್ಜಿಯನ್ನು ನೆನೆಯುತ್ತಿದ್ದ. ಒಂದು ದಿನ ಮನೆಯಲ್ಲಿದ್ದ ರಾಗಿಯನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಅವಳ ಮನೆಗೆ ಹೋದ. ಬುಟ್ಟಿ ಇಳಿಸಿ, ಕೈಮುಗಿದು, ತಲೆ ತಗ್ಗಿಸಿ, "ನಿನ್ನ ಉಪಕಾರ ಮರೆಯಲಾರೆ ಅಜ್ಜೀ" ಅಂದ.

ತಗ್ಗಿಸಿದ ಮುಖದ ಮಾತು ಅವಳಿಗೆ ಹೇಗೆ ತಿಳಿದೀತು? ಅಜ್ಜಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಅವನ ಗದ್ದ ಹಿಡಿದು ಮುಖ ಎತ್ತಿದಳು.

"ಲೋ, ಆ ಮಗು ಏನಾಯ್ತೋ? ನಾನು ಹೂಂ ಅಂದರೂ ನೀನು ಮುಂದೆ ಹೇಳದೆ ಹೋದೆಯಲ್ಲೋ! ಅವತ್ತಿಂದ ನನಗೆ ನಿದ್ದೆಯಿಲ್ಲ."

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಬಿಸಿಲು ಜಗಲಿಗೆ ಬಂದಿತ್ತು. ನಿಜಗುಣ ಅವರ ಮುಖವನ್ನೇ ನೋಡುತ್ತಿದ್ದ.

"ಹೂಂ, ಆಮೇಲೆ?" ಎಂದ. "ಕೊನೆಗೆ ಅವನು ಆ ಮರಕ್ಕೆ ಏನು ಕೊಟ್ಟ, ಗುರುಗಳೇ?"

"ಮಗಳ ಕೈ ಹಿಡಿದು ಅದೇ ಮರದ ಮೇಲೆ ಹಳ್ಳ ದಾಟಿಸಿ ತಂದು ಅಜ್ಜಿಯ ಎದುರು ನಿಲ್ಲಿಸಿದ ತಮ್ಮಾ, ಒಂದು ಮಾತೂ ಆಡಲಿಲ್ಲ."