ಸುಡಲು ಬಾರದ ರೊಟ್ಟಿ

“ದಾವಲಸಾಬ ಮಾಸ್ತರ ಮನೆ ಎಲ್ಲಿ ಬರುತ್ತದೆ, ಅಣ್ಣಾ?”

ವನಜಾಕ್ಷಿ ಈ ಮಾತು ಕೇಳುತ್ತಿದ್ದುದು ಅಂದು ಐದನೆಯ ಸಲ. ನಾಲ್ಕು ತಿಂಗಳ ಹಿಂದೆ ಮಾಸ್ತರ ಅಂಗಡಿ ಪೇಟೆಯ ನಟ್ಟನಡುವೆ ಇತ್ತು. ಈಗ ಅಲ್ಲಿ ಮೊಬೈಲಿನ ಕವರು ಮಾರುತ್ತಿದ್ದರು. ಒಬ್ಬರು ಇತ್ತ ಕೈ ಮಾಡಿದರು, ಇನ್ನೊಬ್ಬರು ಅತ್ತ ಕೈ ಮಾಡಿದರು. ಓಣಿ ಓಣಿ ಸುತ್ತಿ ಅವಳು ಒಂದು ಹಿಟ್ಟಿನ ಗಿರಣಿಯ ಮುಂದೆ ಬಂದು ನಿಂತಿದ್ದಳು. ಊರಿಗೆಲ್ಲ ಬೋರ್ಡು ಬರೆದ ಮನುಷ್ಯ. ಅವನ ಮನೆಗೆ ದಾರಿ ತೋರಿಸಲು ಊರಿನಲ್ಲಿ ಒಂದು ಬೋರ್ಡೂ ಇರಲಿಲ್ಲ.

ಗಿರಣಿಯ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಗಿರಣಿಯವನು ಕಿವಿಗೆ ಕೈ ಹಚ್ಚಿದ. ಅವಳು ಕೂಗಿ ಹೇಳಿದಳು.

“ಓ, ಪೇಂಟರ್ ದಾವಲಸಾಬನ? ಬೋರ್ಡ್ ಬರೆಸೋದಿದ್ರ ಬ್ಯಾಡ ತಂಗಿ. ಮುದುಕನ ಕೈ ನಡಗತಾವ. ನನ್ನ ಬೋರ್ಡ್ ನೋಡಿದ್ರ ನಗತಿದ್ದಿ. ಮೊದಲನೇ ಅಕ್ಷರ ಆನಿ ಹಂಗ, ಕಡೀ ಅಕ್ಷರ ಇಲಿಮರಿ ಹಂಗ. ‘ಗಿರಣಿ’ ಅನ್ನೋದು ಮೂಲ್ಯಾಗ ಮುದುಡಿ ಕುಂತಿತ್ತು. ಏನ್ ಮಾಸ್ತರ ಇದು ಅಂದ್ರ, ‘ಹೌದಪ್ಪಾ, ನನ್ನ ಅಂಗಡ್ಯಾಗ ಕೆಟ್ಟೈತಿ’ ಅಂದ. ಬೋರ್ಡ್ ಅಲ್ಲೇ ಬಿಟ್ಟು ಬಂದ್ನಿ, ಮುಗೀತು. ಪ್ಯಾಟ್ಯಾಗ ಎಲ್ಲಾರಿಗೂ ನಾನ ಹೇಳೇನಿ. ಈಗ ಯಾರೂ ಅವಂಗ ಕೆಲಸ ಕೊಡಂಗಿಲ್ಲ.”

ಜೋಳದ ಡಬ್ಬಿ ಹಿಡಿದು ಪಾಳಿಯಲ್ಲಿ ನಿಂತಿದ್ದ ಹೆಂಗಸೊಬ್ಬಳು ಗದರಿದಳು. “ಬೀಸಿ ಬೀಸಿ ನಿನ್ನ ಬಾಯೂ ಗಿರಣಿ ಆಗೈತಿ ನೋಡು. ಪಾಪ, ಆ ಹುಡುಗಿಗೆ ದಾರಿ ಹೇಳು.”

ವನಜಾಕ್ಷಿ ತಲೆಯೆತ್ತಿದಳು. ಬಾಗಿಲ ಮೇಲೆ ಹೊಸ ಫ್ಲೆಕ್ಸು ಇತ್ತು: ಶ್ರೀ ಶಾಕಂಬರಿ ಹಿಟ್ಟಿನ ಗಿರಣಿ. ಈ ಹೆಸರನ್ನು ತಗಡಿನ ಮೇಲೆ ಬರೆದವಳು ಅವಳೇ. ಡಿಸೈನ್ ಕಾಲೇಜಿನಿಂದ ಬಂದು ಮಾಸ್ತರ ಬಳಿ ಆರು ವಾರ ಅಕ್ಷರ ಕಲಿತಿದ್ದಳು. ಕಡೆಯ ದಿನ ಅವರು ನಂಬಿ ಕೈಗೆ ಕುಂಚ ಕೊಟ್ಟು ನಮಾಜಿಗೆ ಹೋಗಿದ್ದರು. ಅವಳು ಮೊದಲ ಅಕ್ಷರಗಳನ್ನು ಧಾರಾಳವಾಗಿ ಬರೆದಳು. ಕೊನೆಯವಕ್ಕೆ ಜಾಗ ಸಾಲಲಿಲ್ಲ. ತಗಡನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು, ‘ಬಣ್ಣ ಹಸಿ ಇದೆ, ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿ, ಎರಡು ಗಂಟೆಯ ಬಸ್ಸು ಹಿಡಿದಿದ್ದಳು.

ಈಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ದಾರಿ ಕೇಳಿಕೊಂಡು ಹೋದಳು. ಹೊತ್ತುಕೊಂಡು ತಿರುಗಲು ಅವಳಿಗೆ ಕಾಲೇಜಿನ ಮೇಲಿನ ಸಿಟ್ಟೇ ಸಾಕಷ್ಟಿತ್ತು. ಸಿಟ್ಟು ಬಂದವರಿಗೆ ಕಾಲು ನೋಯುವುದಿಲ್ಲ. ಅರ್ಧ ಊರು ದಾಟಿದ್ದು ಅವಳಿಗೆ ತಿಳಿಯಲೇ ಇಲ್ಲ.

ಒಂದೇ ಕೋಣೆಯ ಮನೆ. ಕಟ್ಟೆಯ ಮೇಲೆ ಮಾಸ್ತರು ಕುಳಿತಿದ್ದರು. ಮುಂದೆ ಅದೇ ಕರಿಕಲ್ಲು, ಅದೇ ನೀರಿನ ತಂಬಿಗೆ. ಅವರ ಬಳಿ ಕಲಿಯುವವರು ಮೊದಲು ಕಲ್ಲಿನ ಮೇಲೆ ನೀರಿನಲ್ಲಿ ಬರೆಯಬೇಕು. ಬರೆದದ್ದು ಕಣ್ಣೆದುರಿಗೇ ಆರಿಹೋಗುತ್ತದೆ. ಮತ್ತೆ ಬರೆಯಬೇಕು. ಈಗ ಕಲಿಯುವವರು ಯಾರೂ ಇರಲಿಲ್ಲ. ಮಾಸ್ತರು ತಾವೇ ಬರೆಯುತ್ತಿದ್ದರು. ಕೈ ನಡುಗುತ್ತಿರಲಿಲ್ಲ.

ಅಂಗಳದ ಬಚ್ಚಲಿಗೆ ಮರೆಯಾಗಿ ಹಸಿರು ಅಂಚಿನ ಒಂದು ತಗಡು ಕಟ್ಟಿತ್ತು. ಬರೆದ ಮುಖ ಒಳಗಿತ್ತು. ಆ ಅಂಚನ್ನು ಬಳಿದ ಕೈ ಯಾವುದೆಂದು ವನಜಾಕ್ಷಿಗೆ ಗೊತ್ತಿತ್ತು. ಅವಳು ಅತ್ತ ಬೆನ್ನು ಮಾಡಿ ನಿಂತಳು.

“ಬಾ ಅವ್ವಾ. ಪರೀಕ್ಷಾ ಮುಗದ್ವೇನು?” ಎಂದರು ಮಾಸ್ತರು.

ಅಷ್ಟು ಕೇಳಿದ್ದೇ ತಡ, ಅವಳ ಸಿಟ್ಟಿನ ಕಟ್ಟೆ ಒಡೆಯಿತು.

“ಮುಗಿಯುವುದೆಲ್ಲಿ ಮಾಸ್ತರ್! ಸೆಮಿಸ್ಟರ್ ಕೊನೆ ಅಂದರೆ ನಿಮಗೆ ಗೊತ್ತಿಲ್ಲ. ಐದು ಸಬ್ಜೆಕ್ಟು, ಒಂದೇ ವಾರ. ಪ್ರಿಂಟಿಗೆ ಹೋದರೆ ರೇಷನ್ ಅಂಗಡಿ ಥರ ಕ್ಯೂ. ಬೆರಳಿಗೆಲ್ಲ ಅಂಟು, ಊಟಕ್ಕೆ ಬಾಳೆಹಣ್ಣು. ಅದೆಲ್ಲ ಹಾಳಾಗಲಿ, ಸಹಿಸಿಕೊಂಡೆ. ಜ್ಯೂರಿ ಅಂತ ಒಂದು ಮಾಡುತ್ತಾರೆ. ನಾಲ್ಕು ಜನ ಕಾಲ ಮೇಲೆ ಕಾಲು ಹಾಕಿಕೊಂಡು ಕೂರುತ್ತಾರೆ, ನಾವು ಮಾಡಿದ್ದನ್ನು ಮುಂದಿಟ್ಟು ನಿಲ್ಲಬೇಕು. ಕಾಲೇಜಿಗಾಗಿ ನಾನು ಬರೆದ ಬೋರ್ಡು ನೋಡಿ ಚೆನ್ನಾಗಿದೆ ಅಂದರು. ಆಮೇಲೆ, ‘ಇದಕ್ಕೆ ಮೊದಲು ಕೆಡಿಸಿದ್ದು ಎಲ್ಲಿ? ಕರಡು ಎಲ್ಲಿ? ನೀನು ಕಲಿತದ್ದು ನಮಗೆ ಹೇಗೆ ಗೊತ್ತಾಗಬೇಕು?’ ಅಂದರು. ನಾನು ಕೆಡಿಸಿದ್ದು ಒಂದೂ ಇಲ್ಲ, ಕಲ್ಲಿನ ಮೇಲೆ ನೀರಲ್ಲಿ ಬರೆದು ಕಲಿತೆ ಅಂದೆ. ಒಬ್ಬರು, ‘ಹಾಗಾದರೆ ಆವಿಯಾಗಿ ಹೋಗಿರಬೇಕು’ ಅಂದರು. ನಕ್ಕರು ಮಾಸ್ತರ್, ನಾಲ್ಕೂ ಜನ ನಕ್ಕರು!”

ಮಾಸ್ತರು ಕುಂಚ ಅದ್ದಿ ಇನ್ನೊಂದು ಅಕ್ಷರ ಬರೆದರು.

“ನನ್ನ ಕ್ಲಾಸಿನಲ್ಲಿ ತನ್ಮಯ ಅಂತ ಒಬ್ಬನಿದ್ದಾನೆ. ಅವನು ಕೆಲಸವನ್ನೆಲ್ಲ ಮೊದಲು ಮುಗಿಸಿದ. ಆಮೇಲೆ ಕೂತು ಎಂಬತ್ತು ಕರಡು ಬರೆದ, ಬೇಕಂತಲೇ ಕೆಟ್ಟದಾಗಿ. ಮೇಲೆ ಒಂದಿಷ್ಟು ಚಹಾ ಚೆಲ್ಲಿದ. ಜ್ಯೂರಿಯವರು ಆ ಚಹಾದ ಕಲೆಯ ಮೇಲೆ ಬೆರಳಿಟ್ಟು, ‘ನೋಡಿ, ದುಡಿಮೆ ಅಂದರೆ ಇದು’ ಅಂದರು. ಅವನಿಗೆ ಮೊದಲ ದರ್ಜೆ. ನನಗೆ ಮೂರು ದಿನದ ಗಡುವು. ಕರಡು ತಂದರೆ ಸರಿ, ಇಲ್ಲದಿದ್ದರೆ ಇಡೀ ಸೆಮಿಸ್ಟರ್ ಮತ್ತೆ ಮಾಡಬೇಕು. ಅದರಲ್ಲಿ ಒಂದು ದಿನ ಇವತ್ತು ಹೋಯಿತು.”

ಅವಳು ಚೀಲದಿಂದ ಹಾಳೆಯ ಕಟ್ಟು ತೆಗೆದು ಕಟ್ಟೆಯ ಮೇಲೆ ಬಡಿದಳು. ಎಂಬತ್ತು ಹಾಳೆ. ಎಲ್ಲಕ್ಕೂ ಚಹಾದ ಕಲೆ ಆಗಲೇ ಬಿದ್ದಿತ್ತು. ಅಕ್ಷರ ಮಾತ್ರ ಇರಲಿಲ್ಲ.

“ಬೇರೆ ಹಾಳೆಯಲ್ಲಿ ಬರೆದು ನೋಡಿದೆ. ಅಕ್ಷರ ಕೆಡುತ್ತಿಲ್ಲ. ಕೆಡಿಸಿದರೂ ಬೇಕಂತ ಕೆಡಿಸಿದ್ದು ಅಂತ ಗೊತ್ತಾಗುತ್ತದೆ. ಹೊಸಬರು ಹೇಗೆ ತಪ್ಪುತ್ತಾರೆ ಅನ್ನುವುದು ನಿಮಗೆ ಗೊತ್ತು, ನೀವೇ ಬರೆದುಕೊಡಿ. ದುಡಿದವಳಿಗೆ ದಂಡ, ನಟಿಸಿದವನಿಗೆ ಹಾರ. ಲೋಕವೇ ಹೀಗಿರುವಾಗ ನಾನೊಬ್ಬಳು ಯಾಕೆ ಸಾಚಾ ಆಗಿರಬೇಕು? ಹೇಳಿ ಮಾಸ್ತರ್, ಯಾಕೆ?”

ಮಾಸ್ತರು ಒಂದು ಹಾಳೆ ಎತ್ತಿ ಮೂಸಿದರು.

“ಚಾದಾಗ ಸಕ್ಕರಿ ಹಾಕೀಯೇನು? ಇರಬಿ ಹತ್ಯಾವ ನೋಡು.” ಹಾಳೆಯನ್ನು ಝಾಡಿಸಿ ಕೆಳಗಿಟ್ಟರು. “ಕುಂದರು. ಹಳೇ ಕತಿ ಒಂದೈತಿ, ಕೇಳು.”

ಅವಳು ಕುಳಿತಳು. ಮಾಸ್ತರು ಹೇಳಿದರು.

ಒಂದು ಹೆದ್ದಾರಿಯಲ್ಲಿ ಒಂದು ಛತ್ರವಿತ್ತು. ದಾರಿಹೋಕರಿಗೆ ಅಲ್ಲಿ ರೊಟ್ಟಿ ಬಡಿಸುತ್ತಿದ್ದರು. ರೊಟ್ಟಿ ಮಾಡುವ ಮುದುಕಿ ತೀರಿಕೊಂಡಳು. ಛತ್ರದ ಯಜಮಾನ ಹೊಸಬಳನ್ನು ಹುಡುಕಿದ.

ಒಬ್ಬ ಹೆಣ್ಣುಮಗಳು ಬಂದಳು. ಅವಳ ರೊಟ್ಟಿ ತೆಳ್ಳಗಿತ್ತು, ಬೆಳ್ಳಗಿತ್ತು. ಯಜಮಾನ ಮುರಿದು ತಿಂದು ತಲೆದೂಗಿದ. ಆಮೇಲೆ ಕೇಳಿದ.

“ರೊಟ್ಟಿ ಸರಿಯಾಗಿದೆ. ನೀನು ಸುಟ್ಟ ರೊಟ್ಟಿ ಎಲ್ಲಿ? ಸುಡದೆ ಕಲಿತವರಿಲ್ಲ.”

“ನಾನು ರೊಟ್ಟಿ ಸುಡುವುದಿಲ್ಲ, ಒಡೆಯಾ.”

“ಹಾಗಾದರೆ ಇದು ನಿನ್ನ ಕೈಯದೆಂದು ನಂಬುವುದು ಹೇಗೆ?” ಎಂದು ಯಜಮಾನ ಅವಳನ್ನು ಕಳಿಸಿಬಿಟ್ಟ.

ಬಾಗಿಲ ಹೊರಗೆ ಇನ್ನೊಬ್ಬಳು ನಿಂತಿದ್ದಳು. ಈ ಮಾತು ಅವಳ ಕಿವಿಗೆ ಬಿತ್ತು. ಅವಳು ಮನೆಗೆ ಹೋಗಿ ಒಂದು ಬುಟ್ಟಿ ರೊಟ್ಟಿಯನ್ನು ಬೇಕೆಂದೇ ಸುಟ್ಟು ತಂದಳು. ಯಜಮಾನ ಆ ಕರಿಯನ್ನು ಬೆರಳಿಗೆ ಹಚ್ಚಿ ನೋಡಿ, ಇವಳು ದುಡಿದವಳು ಎಂದ. ಕೆಲಸ ಅವಳಿಗೆ ಸಿಕ್ಕಿತು. ಅಂದಿನಿಂದ ಛತ್ರದಲ್ಲಿ ದಿನವೂ ಸುಟ್ಟ ರೊಟ್ಟಿ ಎಣಿಸುವ ಪದ್ಧತಿ ಬಂತು. ಹೆಚ್ಚು ಸುಟ್ಟ ದಿನ ಹೆಚ್ಚು ಮೆಚ್ಚುಗೆ. ದಾರಿಹೋಕರು ನೀರು ಕುಡಿದು ಮುಂದೆ ಹೋದರು.

ಮೊದಲನೆಯವಳು ಮನೆಗೆ ಬಂದಳು. ಮೈಯೆಲ್ಲ ಉರಿಯುತ್ತಿತ್ತು. ನಾನೂ ಸುಡುತ್ತೇನೆ, ಬುಟ್ಟಿ ಏನು, ಬಂಡಿ ತುಂಬ ಸುಡುತ್ತೇನೆ ಎಂದು ಒಲೆ ಹಚ್ಚಿದಳು. ಹಂಚಿನ ಮೇಲೆ ರೊಟ್ಟಿ ಹಾಕಿ ಕೈಕಟ್ಟಿ ಕುಳಿತಳು. ಸೀಯುವ ವಾಸನೆ ಏಳುವ ಮೊದಲೇ ಕೈ ತಾನಾಗಿ ಹೋಗಿ ರೊಟ್ಟಿಯನ್ನು ತಿರುವಿ ಹಾಕಿತು. ಇನ್ನೊಂದು ಹಾಕಿದಳು. ಕೈ ಅದನ್ನೂ ತಿರುವಿತು. ತನ್ನ ಕೈಗೆ ತಾನೇ ಒಂದು ಏಟು ಕೊಟ್ಟು ಮೂರನೆಯದನ್ನು ಹಾಕಿದಳು. ಅದೂ ಬೆಳ್ಳಗೇ ಎದ್ದಿತು.

ಸಿಟ್ಟಿಗೆ ಅಳು ಬಂತು. ಅವ್ವನನ್ನು ಕೂಗಿದಳು. “ಅವ್ವಾ, ರೊಟ್ಟಿ ಸುಡುವುದು ಹೇಗೆ? ನನಗೆ ಬರುವುದಿಲ್ಲ.”

ಮೂಲೆಯಲ್ಲಿದ್ದ ಅವ್ವ ನಕ್ಕಳು. “ಬರುತ್ತಿತ್ತು ಮಗಳೇ. ಒಂದು ವರ್ಷ ಸುಟ್ಟೆಯಲ್ಲ.”

ಮಾಸ್ತರು ಅಲ್ಲಿಗೆ ನಿಲ್ಲಿಸಿದರು. ಕಲ್ಲಿನ ಮೇಲೆ ಬರೆದದ್ದು ಆರಿಹೋಗಿತ್ತು.

ವನಜಾಕ್ಷಿ ಸಿಡುಕಿದಳು. “ಆಮೇಲೆ? ಒಂದು ವರ್ಷ ಸುಟ್ಟದ್ದು ಅವಳಿಗೆ ನೆನಪೇ ಇರಲಿಲ್ಲವೆ? ಆ ರೊಟ್ಟಿಗಳಾದರೂ ಎಲ್ಲಿ ಹೋದವು?”

ಮಾಸ್ತರು ಕುಂಚ ತೊಳೆಯುತ್ತ ಹೇಳಿದರು.

“ಸುಟ್ಟ ರೊಟ್ಟಿ ಯಾರ ಗಂಗಾಳಕ್ಕ ಬೀಳತೈತಿ ಅಂತ ನೀ ನಿಮ್ಮ ಮನ್ಯಾಗ ನೋಡಿಲ್ಲೇನವ್ವಾ?”

ವನಜಾಕ್ಷಿಯ ಮನೆಯಲ್ಲಿ ಸುಟ್ಟ ರೊಟ್ಟಿಯೆಲ್ಲ ತಾಯಿಯ ತಟ್ಟೆಗೇ ಬೀಳುತ್ತಿತ್ತು. ಅವಳು ಬಂದಾಗಿನಿಂದ ಬೆನ್ನು ಮಾಡಿದ್ದ ತಗಡಿನ ಕಡೆಗೆ ಮೆಲ್ಲಗೆ ತಿರುಗಿದಳು.

ಎದ್ದು ಹೋಗಿ ಬಚ್ಚಲಿಗೆ ಕಟ್ಟಿದ್ದ ತಗಡಿನ ಹುರಿ ಬಿಚ್ಚಿದಳು. ಅದರ ಜಾಗದಲ್ಲಿ ತನ್ನ ದುಪಟ್ಟಾ ಕಟ್ಟಿ ಮರೆ ಮಾಡಿದಳು. ಎಂಬತ್ತು ಹಾಳೆ ಕಟ್ಟೆಯ ಮೇಲೆಯೇ ಉಳಿದವು. ಒಲೆ ಹಚ್ಚಲು ಒಂದು ತಿಂಗಳಿಗೆ ಸಾಕು.

ಹೋಗುವಾಗ ದಾರಿ ಕೇಳಬೇಕಾಗಲಿಲ್ಲ.

ಗಿರಣಿ ಇನ್ನೂ ತಿರುಗುತ್ತಿತ್ತು. ಅವಳು ತಗಡನ್ನು ಹಿಟ್ಟಿನ ಡಬ್ಬಿಗಳ ಮುಂದೆ ನಿಲ್ಲಿಸಿದಳು. ಏನೋ ಹೇಳಿದಳು. ಗಿರಣಿಯವನು ಕಿವಿಗೆ ಕೈ ಹಚ್ಚಿದ. ಕೇಳಿಸಲಿಲ್ಲ. ಬೋರ್ಡಿನ ಗುರುತು ಮಾತ್ರ ಸಿಕ್ಕಿತು. ಸ್ವಿಚ್ಚು ಆರಿಸಿದ. ಓಣಿಯ ತುಂಬ ಒಮ್ಮೆಗೇ ಸದ್ದಡಗಿತು. ಪಾಳಿಯ ಹೆಂಗಸರೆಲ್ಲ ಇತ್ತ ತಿರುಗಿದರು. ಇಷ್ಟು ನಿಶ್ಶಬ್ದದಲ್ಲಿ ಇನ್ನೊಮ್ಮೆ ಹೇಳಬೇಕಾದೀತೆಂದು ಅವಳು ಎಣಿಸಿರಲಿಲ್ಲ.

“ಇದು ನನ್ನ ಕೈಯದು, ಅಣ್ಣಾ. ಮಾಸ್ತರದಲ್ಲ. ಕೆಡಿಸಿ, ಗೋಡೆಗೆ ತಿರುಗಿಸಿಟ್ಟು ಓಡಿಹೋದವಳು ನಾನು. ಅವರ ಕೈ ನಡುಗುವುದಿಲ್ಲ.”

ಗಿರಣಿಯವನು ತಗಡನ್ನು ನೋಡಿದ, ಅವಳನ್ನು ನೋಡಿದ. “ಮತ್ತ ಮುದುಕ ತಾನ ಕೆಡಿಸಿದಂಗ ಯಾಕ ಒಪ್ಪಿಕೊಂಡ?”

ಅವಳು ತಗಡನ್ನು ಮತ್ತೆ ಎತ್ತಿಕೊಂಡಳು. ಜೋಳದ ಡಬ್ಬಿಯ ಹೆಂಗಸು ಕೇಳಿದಳು. “ಈಗ ಇದನ್ನ ಎಲ್ಲಿಗೆ ಒಯ್ಯತೀ ತಂಗಿ?”

“ಕಾಲೇಜಿಗೆ. ನಾನು ಕೆಡಿಸಿದ್ದನ್ನು ಕೇಳಿದ್ದಾರೆ. ಆದರೆ ಮೊದಲು ಪೇಟೆಗೆ.” ಅವಳು ಗಿರಣಿಯವನ ಕಡೆ ತಿರುಗಿದಳು. “ನೀವು ಯಾರ್ಯಾರಿಗೆ ಹೇಳಿದ್ದೀರಿ ಅಣ್ಣಾ? ಒಂದೊಂದೇ ಅಂಗಡಿ ಹೆಸರು ಹೇಳಿ.”

“ಭಾಳ ಅದಾವಲ್ಲ...” ಎಂದು ಗಿರಣಿಯವನು ತಲೆ ಕೆರೆದುಕೊಂಡ.

“ಹೇಳಿ.”

ಎರಡು ಗಂಟೆಯ ಬಸ್ಸು ಅಂದು ಅವಳನ್ನು ಬಿಟ್ಟು ಹೋಯಿತು. ಆ ಹೊತ್ತಿಗೆ ಅವಳು ಪೇಟೆಯ ಮೊದಲನೆಯ ಅಂಗಡಿಯ ಮೆಟ್ಟಿಲ ಮೇಲೆ ತಗಡನ್ನು ನಿಲ್ಲಿಸಿ, ಬರೆದ ಮುಖವನ್ನು ಬೀದಿಗೆ ತಿರುಗಿಸುತ್ತಿದ್ದಳು.